ಆರಂಭಕಾಲದ ಪೌರ್ವಾಪರ್ಯ

ಪರಮಪೂಜ್ಯರ ಆಶೀರ್ವಾದದಿಂದಲೂ ಹಳೆಯ ವಿದ್ಯಾರ್ಥಿಗಳ ಔದಾರ್ಯದಿಂದಲೂ ನಮ್ಮ ಗ್ರಂಥಾಲಯಕ್ಕೆ ಗಣಕಯಂತ್ರವು ಬಂದಿದೆ. ಪುಸ್ತಕಗಳನ್ನು ಹುಡುಕಿಕೊಡುವ ಪ್ರೋಗ್ರಾಮನ್ನು ನಮ್ಮ ಮಕ್ಕಳೇ ರಚಿಸಿದ್ದಾರೆ. ವ್ಯಾಕರಣ ಹೇಳುವವನಿಗೆ ಇದರಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ಅದರಲ್ಲಿ ಕಂಡುಬಂದ ದೋಷವು ವ್ಯಾಕರಣದೋಷವೇ ಎಂಬುದು ನನ್ನ ಅಭಿಪ್ರಾಯ.

ಆ ಪ್ರೋಗ್ರಾಮು ಆರಂಭವಾದೊಡನೆ ಎರಡು ಎಳೆಗಳಾಗಿ ನಡೆಯುತ್ತದೆ. ಥ್ರೆಡ್ ಎಂದು ಬಲ್ಲವರು ಹೇಳುವುದಕ್ಕೆ ನಮ್ಮ 'ಎಳೆ' ಚೆನ್ನಾಗಿಯೇ ಒಪ್ಪುತ್ತದೆ. ಒಂದೆಳೆ ಗ್ರಂಥಸೂಚಿಯನ್ನು ಯಂತ್ರದ ಸ್ಮೃತಿಗೆ ತುಂಬುತ್ತದೆ. ಇನ್ನೊಂದು ಓದುಗನ ಪ್ರಶ್ನೆಗೆ ಉತ್ತರಿಸುತ್ತದೆ. ಕೆಲವು ದಿನ ಬೆಳಿಗ್ಗೆ, ಕಪಾಟಿನಲ್ಲಿ ಕಣ್ಣಿಗೆ ಕಾಣುತ್ತಿದ್ದ ಪುಸ್ತಕವನ್ನೇ ಯಂತ್ರವು 'ಇಲ್ಲ' ಎಂದಿತು. ಸೂಚಿ ತುಂಬುವ ಮುನ್ನವೇ ಉತ್ತರಿಸುವ ಎಳೆ ಮುಂದೋಡಿತ್ತು. ಒಬ್ಬ ಹುಡುಗನು ಆ ಎಳೆಯನ್ನು ಎರಡು ಸೆಕೆಂಡು ಮಲಗಿಸಿದನು. ದೋಷವು ಮಾಯವಾಯಿತು, ಅಧ್ಯಾಪಕರೆಲ್ಲರೂ ಭೇಷ್ ಎಂದೆವು. ಪುಸ್ತಕಗಳು ಹೆಚ್ಚಿದ ಮೇಲೆ ಅದೇ ದೋಷವು ಮರಳಿತು.

ಹುಡುಗನ ತಪ್ಪಿಗಿಂತ ನಮ್ಮ ಭೇಷ್ ದೊಡ್ಡ ತಪ್ಪು. ಪಾಣಿನಿಯು 'ಕ್ತ್ವಾ' ಪ್ರತ್ಯಯವನ್ನು ವಿಧಿಸುವಾಗ, ಎರಡು ಕ್ರಿಯೆಗಳಿಗೂ ಕರ್ತೃವು ಒಬ್ಬನೇ ಆಗಿರಬೇಕೆಂದು ನಿಯಮಿಸಿದ್ದಾನೆ. ಮಿಂದು ಪೂಜಿಸಿದವನು ಒಬ್ಬನೇ. ಯಾವುದು ಮೊದಲೆಂಬ ಸಂಶಯವಿಲ್ಲ. ಕರ್ತೃಗಳು ಬೇರೆಯಾದಾಗ ಸಂಸ್ಕೃತವು ಸತಿಸಪ್ತಮಿಯನ್ನು ಆಶ್ರಯಿಸುತ್ತದೆ. ನಾವು 'ಸೂರ್ಯನು ಮುಳುಗಲಾಗಿ ಹಸುಗಳು ಮರಳಿದವು' ಎನ್ನುತ್ತೇವೆ. ಎಳೆಗಳ ವಿಷಯವೂ ಹೀಗೆಯೇ. ಒಂದೇ ಎಳೆಯೊಳಗೆ ಬರೆದ ಕ್ರಮವೇ ಕ್ರಮ. ಎರಡು ಎಳೆಗಳ ನಡುವೆಯಾದರೋ ಪೌರ್ವಾಪರ್ಯವನ್ನು ಬಾಯಿಬಿಟ್ಟು ಹೇಳಲೇಬೇಕು. ಎರಡು ಸೆಕೆಂಡಿನ ನಿದ್ರೆಯು ಅದನ್ನು ಹೇಳುವುದಿಲ್ಲ, ಬರಿದೆ ಊಹಿಸುತ್ತದೆ.

ಬಲ್ಲವರೂ ಇಲ್ಲಿ ಎಡವಿದ್ದಾರೆ. ವಸ್ತುವು ಸಿದ್ಧವಾಗಿದೆಯೇ ಎಂದು ಬೀಗ ಹಾಕದೆ ಒಮ್ಮೆ, ಬೀಗ ಹಾಕಿ ಮತ್ತೊಮ್ಮೆ ನೋಡುವ ಉಪಾಯವೊಂದು ಜಾವಾ ಭಾಷೆಯಲ್ಲಿ ಬಹುಕಾಲ ಪ್ರಚಾರದಲ್ಲಿತ್ತು. ವೇಗಕ್ಕಾಗಿ ಅನುವಾದಕ ತಂತ್ರಾಂಶವಾಗಲಿ ಯಂತ್ರವಾಗಲಿ ಬರಹಗಳ ಕ್ರಮವನ್ನು ಹಿಂದುಮುಂದು ಮಾಡಬಹುದಾದ ಕಾರಣ, ವಸ್ತುವಿನ ವಿಳಾಸವು ಮೊದಲು ಕಂಡು, ಅದರ ಒಡಲು ಆಮೇಲೆ ತುಂಬುವ ಸಂಭವವಿತ್ತು. ಎರಡನೆಯ ಎಳೆಯ ಕೈಗೆ ಅರೆಬೆಂದ ವಸ್ತುವು ಸಿಕ್ಕುತ್ತಿತ್ತು. 2004ರಲ್ಲಿ ಜಾವಾದ ಸ್ಮೃತಿನಿಯಮಗಳು ತಿದ್ದುಪಡಿಯಾದ ಮೇಲೆ, ಆ ವಿಳಾಸವನ್ನು 'ವೋಲಟೈಲ್' ಎಂದು ಘೋಷಿಸಿದರೆ ಮಾತ್ರ ಆ ಉಪಾಯವು ಸಾಧುವಾಯಿತು. ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ, ಕಾರ್ಯದೊಳಗಿನ ಸ್ಥಿರವಸ್ತುವನ್ನು ಮೊದಲು ಬಂದ ಎಳೆಯೇ ಸಿದ್ಧಪಡಿಸತಕ್ಕದ್ದು, ಉಳಿದವು ಕಾಯತಕ್ಕದ್ದು ಎಂಬ ವಿಧಿಯು 2011ರ ಮಾನಕದಲ್ಲಿ ಬಂದಿತು.

ನಮ್ಮ ಪ್ರೋಗ್ರಾಮಿಗೆ ಇಷ್ಟೆಲ್ಲ ಬೇಡ. ಚಿಲಕದಂತಹ 'ಲ್ಯಾಚ್' ಎಂಬ ಸಾಧನ ಸಾಕು. ಜಾವಾದಲ್ಲಿ ಅದು 2004ರಿಂದಲೂ ಸಿದ್ಧವಾಗಿಯೇ ಇದೆ. ಸೂಚಿ ತುಂಬಲಾಗಿ ಚಿಲಕವು ತೆಗೆಯುತ್ತದೆ. ತೆಗೆಯಲಾಗಿ ಕಾದಿದ್ದ ಎಳೆಯು ಮುಂದುವರಿಯುತ್ತದೆ. ಆದರೆ ಸೂಚಿಯ ಕಡತವೇ ಕೆಟ್ಟಿದ್ದರೆ? ಆಗಲೂ ವೈಫಲ್ಯವನ್ನು ಬರೆದಿಟ್ಟು ಚಿಲಕವನ್ನು ತೆಗೆಯಬೇಕು, ಕಾದಿದ್ದ ಎಳೆಯು ಅದನ್ನು ಓದಿನೋಡಬೇಕು. ಇಲ್ಲವಾದರೆ ಅದು ಎಂದೆಂದಿಗೂ ಬಾಗಿಲಲ್ಲೇ ನಿಂತಿರುತ್ತದೆ. ಇದನ್ನು ಮಕ್ಕಳು ಮರೆಯುವುದುಂಟು, ದೊಡ್ಡವರೂ ಮರೆಯುವುದುಂಟು.

ಗಣಕ ವಿಭಾಗದ ನನ್ನ ಸಹೋದ್ಯೋಗಿಗಳಲ್ಲಿ ಒಂದು ವಿಜ್ಞಾಪನೆ. ಉತ್ತರ ಸರಿಬಂದಿತೆಂದು ಪೂರ್ಣಾಂಕವನ್ನು ಕೊಡಬೇಡಿರಿ. ನೂರು ಸಲ ಸರಿಬಂದದ್ದು ನೂರೊಂದನೆಯ ಸಲ ಕೈಕೊಡುವ ದೋಷವಿದು. 'ಇದಕ್ಕಿಂತ ಅದು ಮೊದಲೆಂದು ಯಾವ ಸಾಲು ಹೇಳುತ್ತದೆ?' ಎಂದು ಕೇಳಿ, ಆ ಸಾಲನ್ನು ಬೆರಳಿಟ್ಟು ತೋರಿಸಿದವನಿಗೆ ಅಂಕ ಕೊಡಿರಿ. ಎರಡು ಸೆಕೆಂಡಿನ ಆ ನಿದ್ರೆಯು ನಮ್ಮ ಪ್ರೋಗ್ರಾಮಿನಲ್ಲಿ ಇನ್ನೂ ಉಳಿದಿದೆ. ಬೇಸಗೆಯ ರಜೆಗೆ ಮುನ್ನ ಅದನ್ನು ಬರೆದ ಹುಡುಗನ ಕೈಯಿಂದಲೇ ತೆಗೆಸಬೇಕೆಂದು ಕೋರುತ್ತೇನೆ.