ಬೀಗದ ಕೈ ಕೊಡುವುದೂ ಒಂದು ಸೇವೆ

2020ರ ರಮಳಾನಿನ ಕೊನೆಯ ಶುಕ್ರವಾರ. ಕೊರೊನಾ ಕಾಲದ ಅಂತರದ ನಿಯಮದಿಂದಾಗಿ ಬರ್ಲಿನ್ ನಗರದ ದಾರುಸ್ಸಲಾಂ ಮಸೀದಿಯೊಳಗೆ ಒಮ್ಮೆಗೆ 50 ಮಂದಿಗಷ್ಟೇ ಜಾಗ. ಜುಮಾಕ್ಕೆ ಬರುವವರೋ ನೂರಾರು. ಆಗ ಹತ್ತಿರದ ಕ್ರಾಯ್ಟ್ಸ್‌ಬರ್ಗ್‌ನ ಮಾರ್ತಾ ಲುಥೆರನ್ ಚರ್ಚ್ ಅವರಿಗೆ ತನ್ನ ಬಾಗಿಲು ತೆರೆಯಿತು. ಆ ಸುದ್ದಿಯನ್ನು ನಾವೂ ಹಂಚಿಕೊಂಡೆವು, ಮಾಶಾ ಅಲ್ಲಾಹ್ ಎಂದೆವು, ಅಲ್ಲಿಗೆ ಬಿಟ್ಟೆವು. ಮುಂದಿನ ಪ್ರಶ್ನೆಯನ್ನು ನಾವು ಕೇಳಿಕೊಳ್ಳಲಿಲ್ಲ: ನಮ್ಮ ಕಟ್ಟಡಗಳು ಯಾರಿಗೆ ತೆರೆದಿವೆ?

ಲುಥೆರನ್ ಚರ್ಚುಗಳಿಗೆ ಇದು ಒಂದು ದಿನದ ಔದಾರ್ಯವಲ್ಲ. ಅಮೆರಿಕದ ಊರುಗಳಲ್ಲಿ ಇಂಥ ಚರ್ಚುಗಳ ನೆಲಮಾಳಿಗೆ ವಾರವಿಡೀ ಬಳಕೆಯಲ್ಲಿರುತ್ತದೆ. ಒಂದು ಸಂಜೆ ಸ್ಕೌಟ್ ಮಕ್ಕಳು, ಇನ್ನೊಂದು ಸಂಜೆ ಹೊಸದಾಗಿ ವಲಸೆ ಬಂದವರ ಇಂಗ್ಲಿಷ್ ತರಗತಿ, ಮತ್ತೊಂದು ಸಂಜೆ ಕುಡಿತ ಬಿಡಲು ಹೊರಟವರ ಕೂಟ. 1935ರಲ್ಲಿ ಓಹಿಯೋದ ಆಕ್ರನ್‌ನಲ್ಲಿ ಶುರುವಾದ ಆಲ್ಕೋಹಾಲಿಕ್ಸ್ ಅನಾನಿಮಸ್ ಲೋಕದಾದ್ಯಂತ ಹಬ್ಬಿದ್ದು ಹೆಚ್ಚಾಗಿ ಇಂಥ ಕೋಣೆಗಳಲ್ಲೇ. ಅಲ್ಲಿ ಯಾರೂ ಪೂರ್ತಿ ಹೆಸರು ಕೇಳುವುದಿಲ್ಲ. ಒಳಗೆ ಕೇಳಿದ್ದನ್ನು ಹೊರಗೆ ಹೇಳುವುದಿಲ್ಲ. ಮನೆಯವರಿಗಾಗಿ ಅಲ್-ಅನಾನ್ ಎಂಬ ಬೇರೆ ಕೂಟವೇ ಇದೆ.

ಗಮನಿಸಬೇಕಾದ್ದು ಇಷ್ಟು: ಚರ್ಚ್ ಕೋಣೆ ಕೊಡುತ್ತದೆ, ಕೂಟವನ್ನು ನಡೆಸುವುದಿಲ್ಲ. ಖರ್ಚನ್ನು ಸದಸ್ಯರೇ ಕೈಯಿಂದ ಹಾಕಿ ತೂಗಿಸುತ್ತಾರೆ. ಪಾದ್ರಿ ಬಂದು ಕೂತು ಉಪದೇಶ ಮಾಡುವುದಿಲ್ಲ. ಕೊಡುವವರು ಬೀಗದ ಕೈ ಕೊಟ್ಟು ಪಕ್ಕಕ್ಕೆ ಸರಿಯುತ್ತಾರೆ.

ಈಗ ನಮ್ಮ ಮಂಜೇಶ್ವರ, ಉಪ್ಪಳದ ಕಡೆ ನೋಡಿ. ಗಲ್ಫಿನಲ್ಲಿ ದುಡಿದವರ ಹಣದಿಂದ ಎದ್ದ ಚಂದದ ಮದ್ರಸ ಕಟ್ಟಡಗಳಿವೆ. ಬೆಳಿಗ್ಗೆ ಮಕ್ಕಳ ಪಾಠ ಮುಗಿದರೆ ಹಲವು ಕಡೆ ದಿನವಿಡೀ ಬೀಗ. ಅದೇ ಬೀದಿಯ ಒಂದು ಮನೆಯಲ್ಲಿ ಮಗ ಮಾದಕ ವಸ್ತುವಿಗೆ ಬಿದ್ದಿರುತ್ತಾನೆ. ಉಮ್ಮ ಚಿನ್ನ ಅಡವಿಟ್ಟು ಬಾಯಿ ಮುಚ್ಚಿಕೊಂಡಿರುತ್ತಾಳೆ, ಮಗಳ ನಿಕಾಹ್ ಆಗಬೇಕಲ್ಲ. "ಪಲ್ಲಿ ಕಮಿಟಿಯವರಿಗೆ ಹೇಳಿ ನೋಡಿ" ಎಂದು ನಾನೇ ಒಬ್ಬ ಉಮ್ಮನಿಗೆ ಹೇಳಿದ್ದೆ. "ಹೇಳಿದರೆ ಮಗ ಸರಿಯಾಗುವ ಮೊದಲು ಊರಿಗೆ ಗೊತ್ತಾಗುತ್ತದೆ ಮೋನೇ" ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

ನಾವು ಮಾದಕ ವಸ್ತುವಿನ ವಿರುದ್ಧ ಜಾಥಾ ಮಾಡುತ್ತೇವೆ, ಖುತ್ಬಾದಲ್ಲಿ ಎಚ್ಚರಿಸುತ್ತೇವೆ. ಅದು ಬೇಕು. ಆದರೆ ಅದು ಇನ್ನೂ ಬೀಳದವರಿಗೆ. ಈಗಾಗಲೇ ಬಿದ್ದವನಿಗೆ, ಅವನ ಉಮ್ಮ ಬಾಪಗಳಿಗೆ ಕೂತು ಮಾತಾಡಲು ಒಂದು ಕೋಣೆ ಎಲ್ಲಿದೆ?

ಮದ್ರಸದ ಪಾವಿತ್ರ್ಯ ಕೆಡುತ್ತದೆ ಎನ್ನುವವರಿರಬಹುದು. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್ (ರ)ರಿಗಾಗಿ ಪ್ರವಾದಿ (ಸ) ಮಸೀದಿಯೊಳಗೇ ಡೇರೆ ಹಾಕಿಸಿದ್ದರು ಎಂದು ಬುಖಾರಿಯಲ್ಲಿದೆ. ನಾನು ಕೇಳುತ್ತಿರುವುದು ಮಸೀದಿಯ ಒಳಭಾಗವನ್ನೂ ಅಲ್ಲ, ಖಾಲಿ ಬಿದ್ದಿರುವ ಮದ್ರಸದ ಒಂದು ಕೋಣೆಯನ್ನು.

ವಾರಕ್ಕೊಂದು ದಿನ ಇಶಾ ಬಳಿಕ ಗಂಡಸರಿಗೆ ಒಂದು ಗಂಟೆ ಕೊಡಿ. ಉಮ್ಮಂದಿರಿಗೆ ಬೇರೆ ದಿನ, ಹಗಲಲ್ಲಿ. ಕಮಿಟಿಯ ಯಾರೂ ಒಳಗೆ ಕೂರುವುದು ಬೇಡ, ದಾಖಲೆ ಪುಸ್ತಕ ಬೇಡ, ಫೋಟೊ ಬೇಡ. ನೆರೆಯ ಹಿಂದೂ, ಕ್ರೈಸ್ತ ಮನೆಯವರು ಬಂದರೆ ಅವರಿಗೂ ಕುರ್ಚಿ ಇರಲಿ, ಈ ಕಾಯಿಲೆ ಜಾತಿ ಕೇಳಿ ಬರುವುದಿಲ್ಲ. ಕೂಟವೇ ಔಷಧವಲ್ಲ. ವೈದ್ಯರೂ ಬೇಕು, ಆಸ್ಪತ್ರೆಯೂ ಬೇಕು. ಆದರೆ ಆಸ್ಪತ್ರೆಯಿಂದ ಮರಳಿದ ಹುಡುಗ ಅದೇ ಹಳೆಯ ಗೆಳೆಯರ ಕಟ್ಟೆಗೆ ಹೋಗದಿರಲು ಹೋಗಲಿಕ್ಕೆ ಇನ್ನೊಂದು ಜಾಗ ಬೇಕಲ್ಲ?

ಮುಂದಿನ ಜಮಾಅತ್ ಮಹಾಸಭೆಯಲ್ಲಿ ಕಟ್ಟಡದ ಲೆಕ್ಕ ಓದುವಾಗ ಯಾರಾದರೊಬ್ಬರು ಎದ್ದು ನಿಂತು ಇಷ್ಟು ಕೇಳಿ: ಇದರ ಬೀಗದ ಕೈ ವಾರಕ್ಕೊಂದು ಗಂಟೆ ಅವರಿಗೆ ಕೊಡಬಹುದೇ?