ಆರೋಗ್ಯವಿದ್ಯೆಯ ವ್ಯಾಸಂಗವೂ ನಮ್ಮ ಹುಡುಗಿಯರೂ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿಕೊಂಡಾಗ, ಹಳೆಯ ದಿನಗಳ ಸವಿನೆನಪುಗಳನ್ನು ಬರೆಯುವವರು ಬಹುಮಂದಿ ಇರುವರೆಂದು ತಿಳಿದು, ಹೆಣ್ಣುಮಕ್ಕಳಿರುವ ಅನೇಕ ಮನೆಗಳಲ್ಲಿ ಈ ಹೊತ್ತು ನಿದ್ದೆಗೆಡಿಸುತ್ತಿರುವ ಒಂದು ವಿಷಯವನ್ನೇ ನಾನು ಆರಿಸಿಕೊಂಡೆನು. ಹೈಸ್ಕೂಲನ್ನೂ ಪಿ. ಯು. ತರಗತಿಯನ್ನೂ ಮುಗಿಸಿದ ಹುಡುಗಿಯು ಆರೋಗ್ಯವಿದ್ಯೆಯನ್ನು ಕಲಿಯಬೇಕೆಂದು ಮನಸ್ಸು ಮಾಡಿದರೆ ಯಾವ ದಾರಿಯನ್ನು ಹಿಡಿಯಬೇಕು, ಆ ದಾರಿಯಲ್ಲಿ ತಂದೆತಾಯಿಗಳ ಕರ್ತವ್ಯವೇನು ಎಂಬುದೇ ಆ ವಿಷಯವು. ನಾನು ಮೂವತ್ತು ವರ್ಷ ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ದುಡಿದು ನಿವೃತ್ತಳಾದವಳು. ಆದುದರಿಂದ ನನ್ನ ಮಾತಿನಲ್ಲಿ ತುಸು ಪಕ್ಷಪಾತವು ಸೇರಿಕೊಂಡಿದ್ದರೆ ವಾಚಕರು ಮನ್ನಿಸಬೇಕು.

ಎರಡು ವರ್ಷಗಳ ಹಿಂದೆ, ಯಾಂತ್ರಿಕ ದೋಣಿಗಳೆಲ್ಲ ದಡ ಸೇರಿದ್ದ ಜೂನ್ ತಿಂಗಳ ಒಂದು ಸಾಯಂಕಾಲ, ಎರ್ಮಾಳಿನ ನಮ್ಮ ಮನೆಗೆ ನೆರೆಯ ಗೃಹಸ್ಥರೊಬ್ಬರು ಮಗಳನ್ನು ಕರೆದುಕೊಂಡು ಬಂದರು. ಹುಡುಗಿಯು ನೀಟ್ ಪರೀಕ್ಷೆಗೆ ಎರಡು ಸಲ ಕುಳಿತಿದ್ದಳು. ಎರಡು ಸಲವೂ ಡಾಕ್ಟರ್ ವಿದ್ಯೆಗೆ ಬೇಕಾದಷ್ಟು ಅಂಕಗಳು ಬಂದಿರಲಿಲ್ಲ. ವೈದ್ಯಕೀಯ ಪ್ರಯೋಗಶಾಲಾ ವಿಜ್ಞಾನದ ಪದವಿ ತರಗತಿಯಲ್ಲಿ ಅವಳಿಗೆ ಸ್ಥಳವು ಸಿಕ್ಕುವಂತಿತ್ತು.

“ಅಕ್ಕ, ನೀವೇ ಇವಳಿಗೆ ಒಂದು ಮಾತು ಹೇಳಿ. ಇನ್ನೊಂದು ವರ್ಷ ಕೋಚಿಂಗಿಗೆ ಹೋದರೆ ಡಾಕ್ಟರಾದಾಳು. ಆಗದಿದ್ದರೆ ರಸ್ತೆ ಬದಿಯ ಹತ್ತು ಸೆಂಟ್ಸ್ ಜಾಗವನ್ನು ಮಾರಿಯಾದರೂ ಸೀಟು ತೆಗೆಸುತ್ತೇನೆ. ರಕ್ತ ಮೂತ್ರ ನೋಡುವ ಲ್ಯಾಬಿನ ಕೆಲಸಕ್ಕೆ ನಾಲ್ಕು ವರ್ಷ ಓದುವುದುಂಟೋ?” ಎಂದು ತಂದೆಯು ಕೇಳಿದರು. ಹುಡುಗಿಯು ನೆಲವನ್ನು ನೋಡುತ್ತಾ, “ದೊಡ್ಡಮ್ಮ, ನನಗೆ ಆ ಕೆಲಸವೇ ಇಷ್ಟ” ಎಂದು ಮೆಲ್ಲನೆ ಹೇಳಿದಳು.

ಆ ತಂದೆಯ ಪ್ರಶ್ನೆಯಲ್ಲಿ ತಿರಸ್ಕಾರವಿರಲಿಲ್ಲ, ಪ್ರೀತಿಯೇ ಇತ್ತು. ಆದರೂ ಆ ಪ್ರಶ್ನೆಗೆ ಸರಿಯಾದ ಉತ್ತರವನ್ನು ಕೊಡುವುದು ಅವಶ್ಯವೆಂದು ತೋರಿ, ನಾನು ಕೆಲಸಕ್ಕೆ ಸೇರಿದ ಮೊದಲನೆಯ ವರ್ಷದಲ್ಲಿ ನಡೆದ ಒಂದು ಸಂಗತಿಯನ್ನು ಅವರಿಗೆ ಹೇಳಿದೆನು. ಹೆರಿಗೆಯಾದ ತಾಯಿಯೊಬ್ಬಳಿಗೆ ರಕ್ತಸ್ರಾವವು ನಿಲ್ಲದೆ, ಒಡನೆ ಬೇರೊಬ್ಬರ ರಕ್ತವನ್ನು ಕೊಡಬೇಕಾಯಿತು. ಆ ದಿನ ಅದೇ ಹೆಸರಿನ ಇಬ್ಬರು ಸ್ತ್ರೀಯರು ವಾರ್ಡಿನಲ್ಲಿದ್ದರು. ನಾನು ಅವಸರದಲ್ಲಿ ಇನ್ನೊಬ್ಬಳ ರಕ್ತದ ನಳಿಗೆಯನ್ನು ತೆಗೆದುಕೊಂಡು ಗುಂಪನ್ನು ಗುರುತಿಸಿ ಬರೆದುಬಿಟ್ಟಿದ್ದೆನು. ನನ್ನ ಹಿರಿಯ ಸಹೋದ್ಯೋಗಿಯು ಚೀಟಿಯನ್ನು ನೋಡಿದವಳೇ ನನ್ನ ಕೈಯನ್ನು ತಡೆದು, ಹೊಸದಾಗಿ ರಕ್ತವನ್ನು ತರಿಸಿ, ರೋಗಿಯ ರಕ್ತದಿಂದ ಬೇರ್ಪಡಿಸಿದ ಸೀರಮ್ ಎಂಬ ತಿಳಿಯಲ್ಲಿ ದಾನಿಯ ರಕ್ತಕಣಗಳನ್ನು ಕಲಸಿ ನೋಡಿದಳು. ನಾನು ಆರಿಸಿದ್ದ ರಕ್ತದ ಕಣಗಳು ಒಡೆದ ಹಾಲಿನಂತೆ ಗಂಟುಗಟ್ಟಿದವು. ಆ ರಕ್ತವು ತಾಯಿಯ ಮೈಗೆ ಹೋಗಿದ್ದರೆ ಅವಳು ಬದುಕುತ್ತಿದ್ದಳೋ ಇಲ್ಲವೋ! ಮನುಷ್ಯರ ರಕ್ತವು ಒಂದೇ ತೆರನಾದುದಲ್ಲವೆಂಬುದನ್ನು ಕಾರ್ಲ್ ಲ್ಯಾಂಡ್‌ಸ್ಟೈನರ್ ಎಂಬ ವಿಜ್ಞಾನಿಯು 1901ರಲ್ಲಿ ಪ್ರಕಟಿಸುವ ತನಕ ವೈದ್ಯರು ಈ ಕತ್ತಲೆಯಲ್ಲಿಯೇ ತಡವರಿಸುತ್ತಿದ್ದರು. ನಾಲ್ಕು ವರ್ಷದ ಓದು ಯಾಕೆ ಬೇಕೆಂದರೆ ಇದಕ್ಕೇ. ನಳಿಗೆಯಲ್ಲಿ ರಕ್ತವನ್ನು ತೆಗೆಯುವುದನ್ನು ಕೆಲವು ದಿನಗಳಲ್ಲಿ ಕಲಿಯಬಹುದು, ಅದರಲ್ಲಿರುವುದನ್ನು ಸಂದೇಹಿಸಲು ಕಲಿಯುವುದಕ್ಕೆ ವರ್ಷಗಳು ಬೇಕು.

ಆರೋಗ್ಯವಿದ್ಯೆ ಎಂದೊಡನೆ ನಮ್ಮವರ ಕಣ್ಣಿಗೆ ಕಟ್ಟುವುದು ಡಾಕ್ಟರೊಬ್ಬರ ಚಿತ್ರ ಮಾತ್ರವೇ. ಇದಕ್ಕೆ ಕಾರಣವೂ ಉಂಟು. ಪರಪುರುಷನಿಂದ ಚಿಕಿತ್ಸೆಯನ್ನು ಪಡೆಯಲೊಪ್ಪದೆ ಸ್ತ್ರೀಯರು ಹೆರಿಗೆಯಲ್ಲಿ ಪ್ರಾಣಬಿಡುತ್ತಿದ್ದ ಕಾಲದಲ್ಲಿ, ಬಾಸೆಲ್ ಮಿಶನಿಗೆ ಸೇರಿದ ಸ್ವಿಸ್ ದೇಶದ ಡಾಕ್ಟರ್ ಇವಾ ಲೊಂಬಾರ್ಡ್ ಎಂಬವರು 1923ರಲ್ಲಿ ಉಡುಪಿಯಲ್ಲಿ ಸ್ತ್ರೀಯರಿಗೂ ಮಕ್ಕಳಿಗೂ ಆಸ್ಪತ್ರೆಯನ್ನು ತೆರೆದರು. ಇಂದಿಗೂ ಜನರು ಮಿಶನ್ ಆಸ್ಪತ್ರೆಯೆಂದೇ ಕರೆಯುವ ಅದು ನೂರು ವರ್ಷಗಳನ್ನು ದಾಟಿದೆ. ನನ್ನ ತಾಯಿಯು ಹುಟ್ಟಿದ್ದು ಅಲ್ಲಿಯೇ. ಅಜ್ಜಿಯು ಆ ರಾತ್ರಿಯ ಕಥೆಯನ್ನು ಹೇಳುವಾಗಲೆಲ್ಲ ಡಾಕ್ಟರಮ್ಮನವರನ್ನು ಎಷ್ಟು ಕೊಂಡಾಡುತ್ತಿದ್ದಳೋ, ಬೆಳಗಿನ ತನಕ ಕೈಹಿಡಿದುಕೊಂಡು ಕುಳಿತಿದ್ದ ದಾದಿಯನ್ನೂ ಅಷ್ಟೇ ಕೊಂಡಾಡುತ್ತಿದ್ದಳು. ಅಕ್ಷರವನ್ನರಿಯದ ಆ ಮುದುಕಿಗೆ ತಿಳಿದಿದ್ದ ಸತ್ಯವನ್ನು ಓದಿಬರೆದ ನಾವು ಮರೆತಿದ್ದೇವೆ. ರೋಗಿಯು ಎದ್ದು ಮನೆಗೆ ಹೋಗಬೇಕಾದರೆ ಒಬ್ಬರ ಕೈ ಸಾಲದು.

ನಮ್ಮ ಸೀಮೆಯಲ್ಲಿಯೇ ಇದಕ್ಕೆ ಎಷ್ಟೋ ದೃಷ್ಟಾಂತಗಳಿವೆ. ಕರಾವಳಿಯ ಹಳಬರಿಗೆ ಆನೆಕಾಲು ರೋಗದ ಪರಿಚಯವನ್ನು ಮಾಡಿಕೊಡಬೇಕಾಗಿಲ್ಲ. ಸೊಳ್ಳೆಯಿಂದ ಹರಡುವ ಆ ರೋಗದ ಕ್ರಿಮಿಯ ಮರಿಗಳು ಹಗಲಿನಲ್ಲಿ ಮೈಯೊಳಗೆ ಅಡಗಿದ್ದು, ರಾತ್ರಿಯಲ್ಲಿ ಮಾತ್ರ ಚರ್ಮದ ಸಮೀಪದ ರಕ್ತಕ್ಕೆ ಬರುವುವು. ಆದುದರಿಂದ ಆರೋಗ್ಯ ಇಲಾಖೆಯ ಕೆಲಸಗಾರರು ರಾತ್ರಿ ಹೊತ್ತಿನಲ್ಲಿ ಮನೆಮನೆಗೆ ಹೋಗಿ, ಬೆರಳನ್ನು ಚುಚ್ಚಿ ರಕ್ತವನ್ನು ಗಾಜಿನ ಮೇಲೆ ತೆಗೆದುಕೊಂಡು, ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಿದ್ದರು. ಔಷಧವನ್ನು ಬರೆದವನು ಡಾಕ್ಟರನೇ ಸರಿ. ಆದರೆ ಯಾರಿಗೆ ಬರೆಯಬೇಕೆಂಬುದನ್ನು ತೋರಿಸಿದವರು ನಿದ್ದೆಗೆಟ್ಟ ಈ ಜನರು. ಘಟ್ಟದ ಮೇಲೆ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತುಬಿದ್ದು, ಸುತ್ತಲಿನ ಹಳ್ಳಿಗರು ಜ್ವರದಿಂದ ನರಳಿದಾಗ, ಅದು ಲೋಕಕ್ಕೇ ಹೊಸದಾದ ಒಂದು ವೈರಸಿನ ರೋಗವೆಂದೂ, ಉಣ್ಣಿಗಳ ಕಡಿತದಿಂದ ಬರುವುದೆಂದೂ ಕಂಡುಹಿಡಿಯಬೇಕಾದರೆ, ಪೂನಾದ ವೈರಸ್ ಸಂಶೋಧನಾ ಕೇಂದ್ರದವರು ಕಾಡಿನಲ್ಲಿ ಅಲೆದು ಉಣ್ಣಿಗಳನ್ನು ಹಿಡಿದು ಪರೀಕ್ಷಿಸಬೇಕಾಯಿತು. ನಾವು ಮಂಗನ ಕಾಯಿಲೆ ಎನ್ನುವುದು ಇದನ್ನೇ.

ಹತ್ತಿರದ ದೃಷ್ಟಾಂತವು ಮಣಿಪಾಲದ್ದು. 2018ರ ಮೇ ತಿಂಗಳಲ್ಲಿ ಕೇರಳದ ಕೋಳಿಕ್ಕೋಡು ಜಿಲ್ಲೆಯಲ್ಲಿ ಒಂದೇ ಮನೆಯವರು ಒಬ್ಬರ ಹಿಂದೊಬ್ಬರು ವಿಚಿತ್ರವಾದ ಜ್ವರಕ್ಕೆ ತುತ್ತಾದರು. ಚಿಕಿತ್ಸೆ ಮಾಡುತ್ತಿದ್ದ ವೈದ್ಯರು ಸಂಶಯಪಟ್ಟು ರೋಗಿಯ ಮಾದರಿಗಳನ್ನು ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರಕ್ಕೆ ಕಳುಹಿಸಲು, ಅಲ್ಲಿ ಅದು ನಿಪಾ ಎಂಬ, ಬಾವಲಿಗಳಲ್ಲಿ ನೆಲೆಸುವ ವೈರಸೆಂದು ಗೊತ್ತಾಯಿತು. ಪೂನಾದ ಸಂಸ್ಥೆಯೂ ಅದನ್ನು ದೃಢಪಡಿಸಿತು. ರೋಗದ ಹೆಸರು ಬೇಗನೆ ತಿಳಿದುದರಿಂದಲೇ ರೋಗಿಗಳನ್ನು ಬೇರ್ಪಡಿಸಿ, ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕಿ, ಪಿಡುಗನ್ನು ತಡೆಯಲು ಸಾಧ್ಯವಾಯಿತು. ಅದೇ ಪಿಡುಗಿನಲ್ಲಿ ಪೇರಾಂಬ್ರ ತಾಲೂಕು ಆಸ್ಪತ್ರೆಯ ದಾದಿ ಲಿನಿ ಎಂಬವರು, ರೋಗದ ಹೆಸರು ತಿಳಿಯುವ ಮೊದಲೇ ರೋಗಿಯ ಶುಶ್ರೂಷೆಯನ್ನು ಮಾಡಿ, ಅದೇ ರೋಗದಿಂದ ಮೇ 21ರಂದು ತೀರಿಕೊಂಡರು. ವೈದ್ಯನ ಸಂಶಯ, ಪ್ರಯೋಗಶಾಲೆಯ ಉತ್ತರ, ದಾದಿಯ ಕೈ, ಸಂಪರ್ಕವನ್ನು ಹುಡುಕುತ್ತಾ ಮನೆಮನೆಗೆ ನಡೆದ ಆರೋಗ್ಯ ಸಹಾಯಕಿಯ ಕಾಲು, ಇವುಗಳಲ್ಲಿ ಯಾವುದು ಮೇಲು, ಯಾವುದು ಕೀಳು?

ಇನ್ನು ಕಲಿಯುವ ಸೌಕರ್ಯದ ವಿಚಾರ. ನಮ್ಮ ಜಿಲ್ಲೆಯು ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ವೈದ್ಯವಿದ್ಯೆಯನ್ನು ಬಯಸಿದ ಹುಡುಗಿಯು ಮದ್ರಾಸಿಗೋ, ಐಡಾ ಸ್ಕಡರ್ ಅಮ್ಮನವರು 1918ರಲ್ಲಿ ಸ್ತ್ರೀಯರಿಗಾಗಿ ವೈದ್ಯಶಾಲೆಯನ್ನು ತೆರೆದ ವೆಲ್ಲೂರಿಗೋ ಹೋಗಬೇಕಾಗಿತ್ತು. ದಾದಿಯರಿಗೆ ಪದವಿ ತರಗತಿಗಳು ನಮ್ಮ ದೇಶದಲ್ಲಿ ಮೊದಲಾದದ್ದೇ 1946ರಲ್ಲಿ, ದಿಲ್ಲಿ ಮತ್ತು ವೆಲ್ಲೂರುಗಳಲ್ಲಿ. ಡಾಕ್ಟರ್ ಟಿ. ಎಂ. ಎ. ಪೈಯವರು ಮಣಿಪಾಲದ ಬೋಳುಗುಡ್ಡದ ಮೇಲೆ 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನು ಸ್ಥಾಪಿಸಿದರು. 1993ರಲ್ಲಿ ಅಲ್ಲಿನ ಸಂಸ್ಥೆಗೆ ವಿಶ್ವವಿದ್ಯಾನಿಲಯದ ಮಾನ್ಯತೆಯು ದೊರೆಯಿತು. 1996ರಲ್ಲಿ ನಮ್ಮ ರಾಜ್ಯಕ್ಕೆ ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯವು ಉಂಟಾಯಿತು. ಈಗ ಎರ್ಮಾಳಿನಲ್ಲಿ ಬಸ್ಸು ಹತ್ತಿದ ಹುಡುಗಿಯು ಉಡುಪಿಯಲ್ಲಿ ಒಂದು ಸಲ ಬಸ್ಸು ಬದಲಾಯಿಸಿದರೆ, ಶುಶ್ರೂಷೆ, ಪ್ರಯೋಗಶಾಲಾ ವಿಜ್ಞಾನ, ಅಂಗಮರ್ದನ ವ್ಯಾಯಾಮಗಳಿಂದ ಚಿಕಿತ್ಸೆ ಮಾಡುವ ಫಿಸಿಯೋಥೆರಪಿ, ಕಿವಿ ಮತ್ತು ಮಾತಿನ ದೋಷಗಳ ವಿದ್ಯೆ, ಕಣ್ಣಿನ ಪರೀಕ್ಷೆ, ಎಕ್ಸ್‌ರೇ ಮೊದಲಾದ ಚಿತ್ರಗಳ ವಿದ್ಯೆ, ಡಯಾಲಿಸಿಸ್, ಜೀವಶಾಸ್ತ್ರ, ತಳಿವಿಜ್ಞಾನ, ಸಾರ್ವಜನಿಕ ಆರೋಗ್ಯ ಇವೆಲ್ಲವನ್ನೂ ಕಲಿಸುವ ಬಾಗಿಲುಗಳ ಮುಂದೆ ಇಳಿಯುವಳು. ಬಾಗಿಲು ಹತ್ತಿರವಾಯಿತು, ನಮ್ಮ ಮನಸ್ಸು ಮಾತ್ರ ಇನ್ನೂ ದೂರವಿದೆ.

ಹುಡುಗಿಯರಿಗೆ ಸಂಶೋಧನೆಯು ಹೇಳಿದ್ದಲ್ಲ ಎನ್ನುವವರು ಕಮಲಾ ಸೊಹೊನಿಯವರನ್ನು ನೆನೆಯಲಿ. 1933ರಲ್ಲಿ ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಸ್ತ್ರೀಯೆಂಬ ಕಾರಣದಿಂದ ಸ್ಥಳವು ನಿರಾಕರಿಸಲ್ಪಟ್ಟಾಗ ಅವರು ಹಿಂದೆಗೆಯಲಿಲ್ಲ. ಮೊದಲನೆಯ ವರ್ಷವನ್ನು ಪರೀಕ್ಷಾರ್ಥವಾಗಿ ಕಳೆಯಬೇಕೆಂಬ ಷರತ್ತಿಗೆ ಒಳಪಟ್ಟು ಸೇರಿ, ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನುಗಳನ್ನು ಕುರಿತು ಸಂಶೋಧನೆ ಮಾಡಿ, 1939ರಲ್ಲಿ ಕೇಂಬ್ರಿಜಿನಿಂದ ಡಾಕ್ಟರೇಟ್ ಪದವಿಯನ್ನು ಪಡೆದರು. ಅವರ ತರುವಾಯ ಆ ಮಂದಿರದ ಬಾಗಿಲು ಸ್ತ್ರೀಯರಿಗೆ ತೆರೆಯಿತು.

ಆದರೆ ಒಂದು ಪಕ್ಷವನ್ನೇ ಹೇಳಿ ಇನ್ನೊಂದನ್ನು ಮರೆಮಾಡುವುದು ನ್ಯಾಯವಲ್ಲ. ಈ ವಿದ್ಯೆಗಳಲ್ಲಿ ಪದವಿಯನ್ನು ಪಡೆದವಳು ಡಾಕ್ಟರಳಾಗುವುದಿಲ್ಲ. ಔಷಧವನ್ನು ಬರೆದುಕೊಡುವ ಅಧಿಕಾರವು ಅವಳಿಗೆ ಬರುವುದಿಲ್ಲ, ಬಯಸಲೂ ಕೂಡದು. ಜೀವವೈದ್ಯ ವಿಜ್ಞಾನದ ಮೊದಲನೆಯ ಪದವಿಯೊಂದರಿಂದಲೇ ಒಳ್ಳೆಯ ಉದ್ಯೋಗವು ಸಿಕ್ಕುವುದು ಕಷ್ಟ. ಮೇಲಿನ ಪದವಿಗೂ ಮನಸ್ಸನ್ನು ಸಿದ್ಧಪಡಿಸಿಕೊಂಡಿರಬೇಕು. ಚಿಕ್ಕ ಆಸ್ಪತ್ರೆಗಳಲ್ಲಿ ಸಂಬಳವು ದುಡಿಮೆಗೆ ತಕ್ಕಷ್ಟಿರುವುದಿಲ್ಲ, ರಾತ್ರಿಯ ಪಾಳಿಯೂ ತಪ್ಪುವುದಿಲ್ಲ. ಹೆಸರು ಮಾತ್ರವಿದ್ದು ರೋಗಿಗಳೇ ಇಲ್ಲದ ಆಸ್ಪತ್ರೆಯ ಆಸರೆಯಲ್ಲಿ ನಡೆಯುವ ಕಾಲೇಜುಗಳೂ ಉಂಟು. ಆದುದರಿಂದ ಶುಲ್ಕವನ್ನು ಕಟ್ಟುವ ಮೊದಲು ತಂದೆತಾಯಿಗಳು ಮೂರು ವಿಷಯಗಳನ್ನು ವಿಚಾರಿಸತಕ್ಕದ್ದು. ಈ ತರಗತಿಗೆ ವಿಶ್ವವಿದ್ಯಾನಿಲಯದ ಮತ್ತು ಸಂಬಂಧಪಟ್ಟ ಪರಿಷತ್ತಿನ ಮಾನ್ಯತೆಯಿದೆಯೇ? ಕಲಿಯುವವರಿಗೆ ನಿಜವಾದ ರೋಗಿಗಳ ನಡುವೆ ಅಭ್ಯಾಸವು ದೊರೆಯುವುದೇ? ಹಿಂದಿನ ವರ್ಷಗಳಲ್ಲಿ ಅಲ್ಲಿ ಕಲಿತ ಹುಡುಗಿಯರು ಈಗ ಎಲ್ಲಿ ದುಡಿಯುತ್ತಿದ್ದಾರೆ? 2021ರಲ್ಲಿ ಸಂಸತ್ತು ಈ ಉದ್ಯೋಗಗಳಿಗಾಗಿಯೇ ಒಂದು ಕಾಯಿದೆಯನ್ನು ಮಾಡಿ, ರಾಷ್ಟ್ರೀಯ ಆಯೋಗವನ್ನೂ ನೋಂದಣಿಯನ್ನೂ ವಿಧಿಸಿರುವುದು ಸಮಾಧಾನದ ಸಂಗತಿಯು. ಕಾಯಿದೆಯು ಕಾಗದದಿಂದ ಆಸ್ಪತ್ರೆಯ ಸಂಬಳದ ಪುಸ್ತಕಕ್ಕೆ ಇಳಿಯುವಂತೆ ಒತ್ತಾಯಿಸುವುದು ನಮ್ಮೆಲ್ಲರ ಕೆಲಸ.

ಹೆತ್ತವರಲ್ಲಿ ನನ್ನ ಅರಿಕೆಯೇನೆಂದರೆ, ಮಗಳಿಗೆ ಡಾಕ್ಟರ್ ವಿದ್ಯೆಯಲ್ಲಿ ನಿಜವಾದ ಆಸೆಯೂ ಶಕ್ತಿಯೂ ಇದ್ದರೆ ಇನ್ನೊಂದು ಸಲ ಪರೀಕ್ಷೆಗೆ ಕುಳಿತುಕೊಳ್ಳಲಿ, ತಪ್ಪಲ್ಲ. ಆದರೆ ಅದು ಅವಳ ಆಸೆಯೋ, ನಿಮ್ಮದೋ ಎಂದು ಒಂದು ರಾತ್ರಿ ಯೋಚಿಸಿರಿ. ಒಬ್ಬಳ ಸೀಟಿಗಾಗಿ ಮನೆಯ ನೆಲವನ್ನು ಮಾರಿದರೆ, ಆ ಸಾಲದ ಭಾರವನ್ನು ಹೊತ್ತುಕೊಂಡೇ ಅವಳು ಪ್ರತಿಯೊಬ್ಬ ರೋಗಿಯ ಮುಖವನ್ನು ನೋಡಬೇಕಾದೀತು. ಇನ್ನು, ಮದುವೆಯಾಯಿತೆಂದು ಕಲಿತ ವಿದ್ಯೆಯನ್ನು ಪೆಟ್ಟಿಗೆಯಲ್ಲಿಡುವ ಪದ್ಧತಿಯು ನಿಲ್ಲಬೇಕು. ಸಂಬಂಧವನ್ನು ಗೊತ್ತುಮಾಡುವಾಗಲೇ ರಾತ್ರಿಯ ಪಾಳಿಯ ಮಾತನ್ನೂ ಆಡಿಬಿಡಿರಿ.

ಹುಡುಗಿಯರಿಗೆ ಹೇಳಬೇಕಾದದ್ದು ಇಷ್ಟೇ. ಸೋತವಳಿಗೆ ಸಿಕ್ಕಿದ ಸಮಾಧಾನದ ಬಹುಮಾನವೆಂದು ಭಾವಿಸಿ ಈ ವಿದ್ಯೆಗೆ ಬರಬೇಡಿರಿ. ಹಾಗೆ ಬಂದವಳ ಕೈಯಲ್ಲಿಯೇ ಚೀಟಿಗಳು ಅದಲುಬದಲಾಗುವುವು. ರಸಾಯನಶಾಸ್ತ್ರವನ್ನೂ ಗಣಿತವನ್ನೂ ಈಗಲೇ ಚೆನ್ನಾಗಿ ಕಲಿಯಿರಿ. ಅದರ ಜತೆಗೆ ಮನೆಮಾತನ್ನು ಮರೆಯಬೇಡಿರಿ. ರೋಗವೇನೆಂದು ತುಳುವಿನಲ್ಲಿಯೂ ಕನ್ನಡದಲ್ಲಿಯೂ ಒಬ್ಬ ಮುದುಕಿಗೆ ತಿಳಿಯುವಂತೆ ಹೇಳಬಲ್ಲವಳು ಅರ್ಧ ಚಿಕಿತ್ಸೆಯನ್ನು ಮಾಡಿದಂತೆಯೇ.

ಹಳೆ ವಿದ್ಯಾರ್ಥಿನಿಯರಾದ ನಮಗೂ ಒಂದು ಹೊಣೆಯಿದೆ. ನಮ್ಮಲ್ಲಿ ದಾದಿಯರೂ, ಡಾಕ್ಟರರೂ, ಔಷಧಶಾಸ್ತ್ರವನ್ನು ಬಲ್ಲವರೂ, ಅಂಗನವಾಡಿಯ ಕೆಲಸವನ್ನು ನೋಡಿಕೊಳ್ಳುವವರೂ ಇದ್ದಾರೆ. ವರ್ಷಕ್ಕೊಂದು ದಿನ ಶಾಲೆಗೆ ಬಂದು, ಹತ್ತನೆಯ ತರಗತಿಯ ಹುಡುಗಿಯರಿಗೂ ಅವರ ಹೆತ್ತವರಿಗೂ ನಮ್ಮ ನಮ್ಮ ಕೆಲಸದ ಸುಖದುಃಖಗಳನ್ನು ಮುಚ್ಚುಮರೆಯಿಲ್ಲದೆ ತಿಳಿಸೋಣ. ಸಂಘದ ನಿಧಿಯಿಂದ, ಮೊದಲನೆಯ ವರ್ಷದ ಶುಲ್ಕಕ್ಕಾಗಿ ಒಬ್ಬ ಹುಡುಗಿಗಾದರೂ ಬಡ್ಡಿಯಿಲ್ಲದ ಸಾಲವನ್ನು ಕೊಡುವ ಏರ್ಪಾಡು ಆಗಲಿ. ಕಟ್ಟಡಕ್ಕೆ ಹೊಸ ಗಿಲಾವು ಆಮೇಲೆ ಆದರೂ ಆದೀತು.

ಎರ್ಮಾಳಿನ ಆ ಹುಡುಗಿಯ ಸಂಗತಿಯನ್ನು ತಿಳಿಯಲು ವಾಚಕರು ಕಾದಿರಬಹುದು. ತಂದೆಯವರು ಅಂದು ಯಾವ ಮಾತನ್ನೂ ಕೊಡದೆ ಎದ್ದುಹೋದರು. ಎಂಟು ದಿನಗಳಾದ ಮೇಲೆ ಬಂದು, “ಜಾಗ ಮಾರುವುದಿಲ್ಲ ಅಕ್ಕ. ಅವಳು ಅವಳಿಗೆ ಬೇಕಾದ್ದನ್ನೇ ಓದಲಿ” ಎಂದರು. ಅವಳೀಗ ಎರಡನೆಯ ವರ್ಷವನ್ನು ಮುಗಿಸುತ್ತಿದ್ದಾಳೆ. ಹಿಂದಿನ ತಿಂಗಳು ಮನೆಗೆ ಬಂದಿದ್ದವಳು, ಸೂಕ್ಷ್ಮದರ್ಶಕದಲ್ಲಿ ಮಲೇರಿಯದ ಕ್ರಿಮಿಯನ್ನು ತಾನಾಗಿಯೇ ಮೊದಲ ಸಲ ಗುರುತಿಸಿದ್ದನ್ನು ಹೇಳುವಾಗ, ಅವಳ ತಂದೆಯು ಬಾಗಿಲ ಬಳಿಯಲ್ಲಿ ನಿಂತು ಕೇಳುತ್ತಿದ್ದರು. ಹೋಗುವಾಗ, “ಆ ರೋಗಿಗೆ ಈಗ ಹೇಗಿದೆ?” ಎಂದು ಅವಳನ್ನು ಕೇಳಿದರು. ಇಂಥ ಪ್ರಶ್ನೆಯನ್ನು ಕೇಳುವ ತಂದೆತಾಯಿಗಳು ನಮ್ಮ ಶಾಲೆಯ ಪ್ರತಿಯೊಬ್ಬ ಹುಡುಗಿಗೂ ದೊರೆಯಲೆಂದು ಹಾರೈಸಿ, ಲೇಖನಿಯನ್ನು ಕೆಳಗಿಡುತ್ತೇನೆ.