ಗೆರೆಗಳ ಸರದಿ
ಚೀನೀ ಅಕ್ಷರದ ಗೆರೆಗಳನ್ನು ಹಿಂದುಮುಂದಾಗಿ ಎಳೆದರೂ ಓದಲು ಬರುತ್ತದಲ್ಲ, ಮತ್ತೇಕೆ ಇಷ್ಟು ಕಟ್ಟುನಿಟ್ಟು ಎಂದು ಹೊಸದಾಗಿ ಕಲಿಯುವವರು ಕೇಳುತ್ತಾರೆ. ನನಗಂತೂ ಈ ಲಿಪಿಯ ಜೀವವೇ ಆ ಕಟ್ಟುನಿಟ್ಟಿನಲ್ಲಿದೆ ಅನ್ನಿಸುತ್ತದೆ. ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ, ಅಡ್ಡಗೆರೆಯಾದ ಮೇಲೆ ಉದ್ದಗೆರೆ, ಮೂಲಪಾಠ ಇಷ್ಟೇ. ದೇಶ ಎಂಬರ್ಥದ ‘ಗ್ವೊ’ ಬರೆಯುವಾಗ ಚೌಕದ ಮೂರು ಬದಿಗಳನ್ನು ಎರಡೇ ಎಳೆತದಲ್ಲಿ ಮುಗಿಸಿ, ಒಳಗಿನದನ್ನೆಲ್ಲ ಬರೆದು, ಕೊನೆಗೆ ತಳದ ಗೆರೆ ಎಳೆಯಬೇಕು, ಮನೆಮಂದಿಯೆಲ್ಲ ಒಳಬಂದ ಮೇಲೆ ಬಾಗಿಲು ಹಾಕಿದ ಹಾಗೆ. ಇದರ ಬೆಲೆ ಗೊತ್ತಾಗುವುದು ವೇಗದ ಬರಹದಲ್ಲಿ. ಅಲ್ಲಿ ಕುಂಚ ಪೂರ್ತಿ ಮೇಲೇಳದೆ ಒಂದು ಗೆರೆಯಿಂದ ಮುಂದಿನದಕ್ಕೆ ಹರಿಯುತ್ತದೆ. ಸರದಿ ತಪ್ಪಿದರೆ ನಡುವಿನ ಕೊಂಡಿಗಳು ಎಲ್ಲೆಲ್ಲೋ ಬೀಳುತ್ತವೆ, ಬಲ್ಲವರಿಗೂ ಅಕ್ಷರ ಸಿಗುವುದಿಲ್ಲ. ಹಾಗೆಂದು ಸರಿಯಾದ ಕ್ರಮ ಎಲ್ಲೆಡೆ ಒಂದೇ ಅಲ್ಲ. ಇದೇ ಅಕ್ಷರಗಳನ್ನು ಬಳಸುವ ಜಪಾನಿನಲ್ಲಿ ಶಿಕ್ಷಣ ಸಚಿವಾಲಯ 1958ರಲ್ಲಿ ಇದಕ್ಕಾಗಿ ಕೈಪಿಡಿ ತಂದಿತು; ಚೀನಾ 1997ರಲ್ಲಿ 7,000 ಅಕ್ಷರಗಳಿಗೆ ಕ್ರಮ ಗೊತ್ತುಮಾಡಿತು. ‘ಬಲಗಡೆ’ ಎಂಬರ್ಥದ ಒಂದೇ ಅಕ್ಷರವನ್ನು ಚೀನಾದ ಮಗು ಅಡ್ಡಗೆರೆಯಿಂದ ಶುರುಮಾಡಿದರೆ ಜಪಾನಿನ ಮಗು ಎಡಕ್ಕೆ ಜಾರುವ ಗೆರೆಯಿಂದ ಶುರುಮಾಡುತ್ತದೆ. ಕಲಿಯುವವರು ಒಂದು ದೇಶದ ಪದ್ಧತಿಯನ್ನು ಆರಿಸಿಕೊಂಡು ಅದರಲ್ಲೇ ಕೈ ಪಳಗಿಸಿಕೊಳ್ಳಬೇಕು. ಎರಡನ್ನೂ ಬೆರೆಸಿದರೆ ಕೈ ತಡವರಿಸುತ್ತದೆ. ಕೈಬರಹ ಬಿಟ್ಟು ಮೊಬೈಲಿಗೆ ಹೋದವರಲ್ಲೂ ಕೆಲವರಿಗೆ ಇದರಿಂದ ಬಿಡುಗಡೆಯಿಲ್ಲ. ಗೆರೆ ಒತ್ತಿ ಅಕ್ಷರ ಹುಡುಕುವ ಕೀಲಿಮಣೆ ಎಲ್ಲ ಗೆರೆಗಳನ್ನೂ ಅಡ್ಡ, ಉದ್ದ, ಎಡಜಾರು, ಚುಕ್ಕೆ, ತಿರುವು ಎಂದು ಐದೇ ಗುಂಪು ಮಾಡಿ, ಅವನ್ನು ಅಕ್ಷರ ಬರೆಯುವ ಸರದಿಯಲ್ಲೇ ಕೇಳುತ್ತದೆ.